ಅಡ್ಡಗಲ್ಲಿನ ಮೂರು ಹೆಸರು

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವನಲ್ಲ. ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವ ಪೈಕಿ. ಇಪ್ಪತ್ತೆರಡು ವರ್ಷದಿಂದ ಹೂಡಿಯಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿ ಬದುಕುತ್ತಿದ್ದೇನೆ, ಅದರಲ್ಲಿ ಅರ್ಧ ಸಮಾಧಿ ಕಲ್ಲುಗಳೇ. ಸತ್ತವರ ಹೆಸರಿನ ಪಕ್ಕದಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದವನು ನಾನು. ಅಂಥವನು ಈಗ ಇದನ್ನು ಮನೆಯ ಬಾಗಿಲು ತೆರೆದಿಟ್ಟುಕೊಂಡು ಬರೆಯುತ್ತಿದ್ದೇನೆ.

ನಡೆದದ್ದು ನಡುರಾತ್ರಿಯಲ್ಲೂ ಅಲ್ಲ. ಸಂಜೆ ಏಳರಿಂದ ಒಂಬತ್ತರೊಳಗೆ, ಪಟ್ಟಂದೂರು ಅಗ್ರಹಾರದ ಒಂದು ಕಲ್ಲುಮನೆಯ ಮುಂದೆ. ಕಾಂಪೌಂಡಿನ ಆಚೆ ಕ್ಯಾಬುಗಳು ಹಾರ್ನ್ ಹೊಡೆಯುತ್ತಿದ್ದವು. ಎಗ್ ರೈಸ್ ಗಾಡಿಯವನು ತವೆ ಬಡಿಯುತ್ತಿದ್ದ. ಐಟಿ ಪಾರ್ಕಿನ ಗಾಜಿನ ಕಟ್ಟಡದಲ್ಲಿ ಜನ ಕೂತು ಕೆಲಸ ಮಾಡುವುದು ನನಗೆ ಕಾಣುತ್ತಿತ್ತು. ಅಷ್ಟು ಜನರ ನಡುವೆ ನಡೆದದ್ದು…

ನಾನು ಬಸಪ್ಪ, ಬಾದಾಮಿ ಕಡೆಯವನು. ಅಪ್ಪನೂ ಕಲ್ಲು ಕಡಿಯುತ್ತಿದ್ದ. ಈಗೆಲ್ಲ ಕಂಪ್ಯೂಟರಿನಲ್ಲಿ ಅಕ್ಷರ ಹೊಡೆದು ಮಷಿನ್ನಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಫಲಕ ರೆಡಿ. ಹಲ್ಲುಜ್ಜಿಸಿ ಸಾಲಾಗಿ ನಿಲ್ಲಿಸಿದ ಮಕ್ಕಳ ಹಾಗಿರುತ್ತವೆ ಆ ಅಕ್ಷರಗಳು. ನಾನಿನ್ನೂ ಉಳಿ, ಸುತ್ತಿಗೆ ಬಿಟ್ಟಿಲ್ಲ. ಕೈಕೆತ್ತನೆ ಬೇಕೆನ್ನುವ ಶೋಕಿಯವರು ಈಗಲೂ ಇದ್ದಾರೆ.

ಅಪ್ಪ ಕಲಿಸಿದ ಒಂದು ಪದ್ಧತಿ ಇದೆ. ಕಲ್ಲಿನ ಮೇಲಿನ ಹಳೆಯ ಹೆಸರನ್ನು ತೆಗೆಯುವ ಮುಂಚೆ ಅದಕ್ಕೆ ನೀರು ಚಿಮುಕಿಸಿ, ಬೆರಳಿಟ್ಟು, ಗಟ್ಟಿಯಾಗಿ ಒಮ್ಮೆ ಓದಬೇಕು. ಯಾಕೆ ತೆಗೆಯುತ್ತಿದ್ದೇವೆ ಎಂದು ಹೇಳಬೇಕು. ಆಮೇಲೆ ಉಳಿ ಇಡಬೇಕು. ಓದದೆ ಯಾವ ಹೆಸರನ್ನೂ ಅಳಿಸಬಾರದು. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ತಪ್ಪಿದ್ದು ಒಂದೇ ಸಲ.

ಕೆಲಸಕ್ಕೆ ಕರೆದವರು ಮುನಿರಾಜಣ್ಣ. ಅಗ್ರಹಾರದ ಹಳೇ ಒಕ್ಕಲು ಮನೆತನ. ಈಗ ನಾಲ್ಕು ಪಿಜಿ ಕಟ್ಟಡ, ಒಂದು ನೀರಿನ ಟ್ಯಾಂಕರ್, ಹೂಡಿಯಲ್ಲಿ ಎರಡು ಸೈಟು. ಅದರಲ್ಲಿ ಒಂದು ಸೈಟಿನ ಮೂಲೆಯಲ್ಲೇ ನನ್ನ ಶೆಡ್ಡು ಇರುವುದು. ತಗಡು ನಾನು ಹೊದಿಸಿದ್ದು, ಗೋಡೆ ನಾನು ಎತ್ತಿದ್ದು, ಹಿಂದಿನ ಎರಡು ಕೋಣೆಯಲ್ಲಿ ನನ್ನ ಸಂಸಾರ. ನೆಲ ಮಾತ್ರ ಅವರದು.

ಅವರ ಕಲ್ಲುಮನೆ ಎಷ್ಟೋ ವರ್ಷದಿಂದ ಬೀಗ ಹಾಕಿ ಬಿದ್ದಿತ್ತು. ಅದನ್ನೀಗ ತೊಳೆದು ಬಳಿದು ಹೋಟೆಲ್ ಮಾಡಲು ಹೊರಟಿದ್ದರು. ಮರುದಿನವೇ ಉದ್ಘಾಟನೆ. ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ 'ದೊಡ್ಡಮುನಿಯಪ್ಪನವರು ಕಟ್ಟಿದ ಮನೆ' ಎಂದು ನಾನು ಕೆತ್ತಬೇಕು. ದೊಡ್ಡಮುನಿಯಪ್ಪ ಎಂದರೆ ಮುನಿರಾಜಣ್ಣನ ತಾತ.

ಮಧ್ಯಾಹ್ನ ಎರಡಕ್ಕೆ ಹೋದೆ. ಮನೆ ನೋಡಿದವನು ಹಾಗೇ ನಿಂತುಬಿಟ್ಟೆ. ಎರಡಡಿ ದಪ್ಪದ ಗೋಡೆ, ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ನಡುವೆ ಉಗುರು ಹೋಗುವುದಿಲ್ಲ. ಮೂಲೆಗಲ್ಲುಗಳ ಮೇಲೆ ಉಳಿಯ ಏಟುಗಳು ಒಂದೇ ಸಮ. ಆದರೆ ಎಲ್ಲ ಏಟುಗಳೂ ಎಡಕ್ಕೆ ಓರೆ. ಕೆಲಸ ಗೊತ್ತಿದ್ದವರಿಗೆ ಅಷ್ಟು ಸಾಕು, ಕಟ್ಟಿದವನು ಎಡಗೈಯವನು.

"ನಿಮ್ ತಾತ ಎಡಗೈಯವರೇನ್ರಿ ಅಣ್ಣಾರ?" ಎಂದೆ.

ಮುನಿರಾಜಣ್ಣ ಫೋನಿನಿಂದ ತಲೆ ಎತ್ತಿದರು. "ಯಾಕಯ್ಯ? ಬಲಗೈನೋರೇ. ಕೆಲ್ಸ ನೋಡು ನೀನು."

ಅವರು ಊಟಕ್ಕೆ ಹೋದ ಮೇಲೆ ಹಿತ್ತಿಲಿಂದ ಒಬ್ಬ ಮುದುಕಿ ಚೊಂಬಿನಲ್ಲಿ ನೀರು ತಂದಿಟ್ಟು ಮೆಟ್ಟಿಲ ಪಕ್ಕ ಕೂತಳು. ಚಿಕ್ಕತಾಯಮ್ಮ, ದೊಡ್ಡಮುನಿಯಪ್ಪನ ಕೊನೆಯ ಮಗಳು, ಮುನಿರಾಜಣ್ಣನಿಗೆ ಸೋದರತ್ತೆ. ಹಿತ್ತಿಲ ಕೋಣೆಯಲ್ಲಿ ಒಬ್ಬಳೇ ಇರುವವಳು. ಎರಡು ಡ್ರಮ್ಮಿನ ಮೇಲೆ ಹಲಗೆ ಹಾಸಿ ನಾನು ಹತ್ತಿ ನಿಂತಿದ್ದೆ. ಅಡ್ಡಗಲ್ಲಿನ ನಡುವೆ ಒಂದು ಮೊಳದಗಲ ಸಿಮೆಂಟು ಮೆತ್ತಿದ್ದರು. ಉಳಿ ಇಟ್ಟು ಎರಡು ಏಟು ಕೊಟ್ಟೆ, ಹೊಪ್ಪಳೆಯಾಗಿ ಉದುರಿತು. ಕೆಳಗೆ ಅಕ್ಷರ ಇದ್ದವು. ಇಂಗ್ಲಿಷಿನವು, ಆಳವಾಗಿ ಕಡಿದವು, ಒಂದರ ಕೆಳಗೊಂದು ಮೂರು ಸಾಲು.

ಮುದುಕಿ ಕತ್ತೆತ್ತಿ ನೋಡಿದಳು. "ಬಂತಾ ಈಚೆಗೆ," ಎಂದಳು.

"ಯಾರ ಹೆಸರ್ರಿ ಯವ್ವಾ ಇದು?"

"ಕಟ್ಟಿದೋನ್ದು. ಎಜ್ರಾ ಮೇಸ್ತ್ರಿ ಅಂತ. ಅಮೇರಿಕದೋನು. ಬಿಳೀ ದೊರೆ ಅಲ್ಲ, ನಮ್ಗಿಂತ ಕಪ್ಪಗಿದ್ದ."

ಅವಳು ಹೇಳಿದ್ದು ಇಷ್ಟು. ದೊಡ್ಡ ಯುದ್ಧದ ಕಾಲದಲ್ಲಿ ಅಮೇರಿಕದ ಪಟಾಲಮ್ಮಿನ ಜೊತೆ ಬಂದವನು ಎಜ್ರಾ. ಯುದ್ಧ ಮುಗಿದು ಊರಿಗೆ ಹೋದವನು ಎರಡೇ ವರ್ಷಕ್ಕೆ ವಾಪಸ್ ಬಂದ. ಅಲ್ಲಿ ಬಸ್ಸಿನಲ್ಲೂ ತನಗೆ ಹಿಂದಿನ ಸೀಟೇ ಎಂದು ನಗುತ್ತಿದ್ದನಂತೆ. ದೊಡ್ಡಮುನಿಯಪ್ಪನಿಗೂ ಅವನಿಗೂ ಗಳಸ್ಯ ಕಂಠಸ್ಯ. ಹೊರದೇಶದವನ ಹೆಸರಿಗೆ ಜಮೀನು ಆಗುವುದಿಲ್ಲ, ನೆಲ ನನ್ನ ಹೆಸರಿನಲ್ಲಿರಲಿ, ಮನೆ ನೀನು ಕಟ್ಟಿಕೋ ಎಂದ ದೊಡ್ಡಮುನಿಯಪ್ಪ. ಹೂಡಿ ಬಂಡೆಯಿಂದ ಗಾಡಿಯಲ್ಲಿ ಕಲ್ಲು ತರಿಸಿ, ಒಂದೊಂದೇ ಕಡಿದು, ಎಂಟು ವರ್ಷ ಎಜ್ರಾ ಒಬ್ಬನೇ ಕಟ್ಟಿದ.

"ಅವ್ನ ತಾತನ್ನ ದನ ಮಾರ್ದಂಗೆ ಮಾರಿದ್ರಂತೆ ಮಗ. ಕಲ್ಲು ಕೆಲ್ಸದೋನೇ. ದೊರೆಗಳ ಮನೆ ಕಟ್ಟಿ ಕಟ್ಟಿ ಸತ್ನಂತೆ. ಒಂದು ಮನೆ ಮ್ಯಾಲೂ ಎಸ್ರು ಕೆತ್ತಕ್ಕೆ ಬಿಡ್ನಿಲ್ವಂತೆ. ಅವ್ರಪ್ಪನ್ಗೂ ಅಂಗೇ. ಅದ್ಕೇ ನೋಡು, ಮೊದ್ಲು ತಾತ, ಆಮೇಲೆ ಅಪ್ಪ, ಆಮೇಲೆ ಇವ್ನು."

ನಾನು ಅಕ್ಷರ ಕೂಡಿಸಿ ನೋಡಿದೆ. ಮೇಲೆ ಮೋಸೆಸ್ ಎಂದಷ್ಟೇ, ಅವನಿಗೆ ಅಡ್ಡಹೆಸರೂ ಇರಲಿಲ್ಲ. ನಡುವೆ ಹೆನ್ರಿ ಕೋಲ್ಬಿ. ಕೊನೆಗೆ ಎಜ್ರಾ ಕೋಲ್ಬಿ. ತುಟಿಯೊಳಗೇ ಓದಿಕೊಂಡೆ, ಬಾಯಿ ಬಿಟ್ಟು ಅಲ್ಲ.

"ಆಮೇಲೆ ಏನಾತ್ರಿ?"

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಮನೆ ಮುಗಿದ ವರ್ಷವೇ ಎಜ್ರಾ ಎದೆ ಕಟ್ಟಿ ಮಲಗಿದ. ನೋಡಿಕೊಳ್ಳುವ ನೆಪದಲ್ಲಿ ದೊಡ್ಡಮುನಿಯಪ್ಪನ ಸಂಸಾರ ಒಳಗೆ ಬಂತು. ಒಂದು ಸಂಜೆ, ಅವನು ಗೋಡೆ ಹಿಡಿದುಕೊಂಡು ಬಯಲಿಗೆ ಹೋಗಿದ್ದಾಗ, ಒಳಗಿನಿಂದ ಅಗಳಿ ಹಾಕಿದರು.

"ಎದೆಗೆ ನೀಲಗಿರಿ ಎಣ್ಣೆ ತಿಕ್ಕಿದ್ರು, ಆ ವಾಸ್ನೆ ಬಾಗ್ಲು ಸಂದೀಲಿ ಒಳೀಕ್ ಬರ್ತಿತ್ತು. ಬೆಳಗಾಗೋಗಂಟ ಬಡ್ದ. ಮುನಿಯಪ್ಪಾ ಅಂತ ನಮ್ಮಪ್ಪನ್ ಎಸ್ರು ಇಡ್ದು ಕರೀತಿದ್ದ. ನಾನು ಬಾಗ್ಲ ಪಕ್ಕದಾಗೇ ಕುಂತಿದ್ದೆ, ಎಂಟೊಂಬತ್ ವರ್ಸದೋಳು. ಅಗಳಿ ನನ್ ಕೈಗೆ ಎಟುಕ್ತಿತ್ತು."

ಬೆಳಗ್ಗೆ ಅವನು ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದ. ಮುದುಕಿ ಚೊಂಬು ಎತ್ತಿಕೊಂಡು ಹೋದಳು.

ನನಗೆ ಸಿಟ್ಟು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದು ಬರೀ ಎಜ್ರಾನ ಮೇಲಿನ ಮರುಕವಲ್ಲ. ನಾನೂ ಜೀವಮಾನವಿಡೀ ಬೇರೆಯವರ ಹೆಸರನ್ನೇ ಕೆತ್ತಿದವನು, ನಾನೂ ಇನ್ನೊಬ್ಬರ ನೆಲದ ಮೇಲೆ ಗೋಡೆ ಎತ್ತಿದವನು.

ಮುನಿರಾಜಣ್ಣ ವಾಪಸ್ ಬಂದರು. ಅಕ್ಷರ ನೋಡಿದ್ದೇ ಅವರ ಮುಖ ಬಿಗಿದುಕೊಂಡಿತು. "ಹೊಡ್ದಾಕು ಅದನ್ನ."

"ಆಗ್ಲಿ. ಆದ್ರ ಒಮ್ಮಿ ಗಟ್ಟ್ಯಾಗಿ ಓದಿ ತಗೀಬೇಕ್ರಿ. ನಮ್ಮಪ್ಪ ಹಂಗ ಕಲಿಸ್ಯಾನ."

"ಬ್ಯಾಡ." ಅವರು ಧ್ವನಿ ತಗ್ಗಿಸಿದರು. "ಈ ಮನೆ ಮುಂದೆ ಆ ಹೆಸ್ರು ಯಾರೂ ಎತ್ಬಾರ್ದು. ನಮ್ಮಪ್ಪ ಸಾಯೋವಾಗ್ಲೂ ಹೇಳಿ ಹೋದ್ರು."

"ಓದ್ದ ತಗದ್ರ ಚಲೋ ಅಲ್ರಿ ಅಣ್ಣಾರ…"

"ಬಸಪ್ಪ, ನಿನ್ ಶೆಡ್ಡು ಯಾರ್ ಸೈಟಲ್ಲೈತೆ ಅಂತ ನಾನು ಜ್ಞಾಪಿಸ್ಬೇಕಾ? ನಾಳೆ ಬೆಳಗ್ಗೆ ಜೆಸಿಬಿ ಕಳಿಸ್ಲಾ?"

ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಆ ಎರಡು ಕೋಣೆ ಕಣ್ಣ ಮುಂದೆ ಬಂದವು. ನೀರನ್ನೂ ಚಿಮುಕಿಸಲಿಲ್ಲ. ಉಳಿ ಇಟ್ಟೆ.

ಮೂರು ಹೆಸರು ಹೋಗಲು ಮೂರೂವರೆ ಗಂಟೆ ಹಿಡಿಯಿತು. ಅಷ್ಟು ಆಳಕ್ಕೆ ಕಡಿದಿದ್ದ. ಕೊನೆಯ ಅಕ್ಷರ ಹೋಗುವಾಗ ಸುತ್ತಿಗೆ ಕೈಯಿಂದ ಜಾರಿತು, ಎತ್ತಿಕೊಂಡೆ. ಆಗಲೇ ಕತ್ತಲಾಗಿತ್ತು. ಮುನಿರಾಜಣ್ಣ ಮನೆಯೊಳಗಿನಿಂದ ವೈರು ಎಳೆದು ಒಂದು ಫೋಕಸ್ ಲೈಟು ಹಾಕಿಕೊಟ್ಟರು. ಸೀಮೆಸುಣ್ಣದಲ್ಲಿ ಹೊಸ ಅಕ್ಷರ ಬರೆದುಕೊಂಡು 'ದೊ'ಗೆ ಉಳಿ ಇಟ್ಟು ಮೊದಲ ಏಟು ಕೊಟ್ಟೆ.

ಲೈಟು ಆರಿತು.

"ಟ್ರಿಪ್ ಆಗಿರ್ಬೇಕು, ತಾಳು," ಎಂದು ಮುನಿರಾಜಣ್ಣ ಮೊಬೈಲ್ ಟಾರ್ಚ್ ಹಾಕಿಕೊಂಡು ಒಳಗೆ ಹೋದರು. ಆ ದಪ್ಪ ಗೋಡೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಮಧ್ಯಾಹ್ನವೆಲ್ಲ ಅವರು ಮಾತಾಡಲು ಅಂಗಳಕ್ಕೇ ಬರುತ್ತಿದ್ದರು. ಬಾಗಿಲು ಅವರ ಹಿಂದೆ ಮೆಲ್ಲಗೆ ಮುಚ್ಚಿಕೊಂಡಿತು. ಗಾಳಿಯೇನೂ ಇರಲಿಲ್ಲ. ಫೋನಿನಲ್ಲಿ ಸಮಯ ನೋಡಿದೆ, ಏಳು ಇಪ್ಪತ್ತು.

ಹಲಗೆಯಿಂದ ಇಳಿದು ಮೆಟ್ಟಿಲ ಮೇಲೆ ಕೂತೆ. ಬೆನ್ನು ನೋಯುತ್ತಿತ್ತು.

ಆಗ ವಾಸನೆ ಬಂತು… ನೀಲಗಿರಿ ಎಣ್ಣೆಯದು. ಅದರ ಜೊತೆಗೆ ಹಸಿ ಕಲ್ಲಿಗೆ ಉಕ್ಕು ತಾಗಿದಾಗ ಏಳುವ ಸುಟ್ಟ ವಾಸನೆ. ಮುದುಕಿ ಏನಾದರೂ ಹಚ್ಚಿಕೊಂಡು ಬಂದಳೇ ಎಂದು ಹಿತ್ತಿಲ ಕಡೆ ನೋಡಿದೆ. ಅವಳ ಕೋಣೆ ಕತ್ತಲಾಗಿತ್ತು.

"ಬಸಪ್ಪ."

ಒಳಗಿನಿಂದ ಮುನಿರಾಜಣ್ಣನ ದನಿ. ದೂರದಿಂದ ಬಂದ ಹಾಗಿತ್ತು.

"ಹೇಳ್ರಿ ಅಣ್ಣಾರ."

"ಬಾಗ್ಲು ಯಾವ್ ಕಡೆ ಐತೆ?"

ನನಗೆ ನಗು ಬಂತು. "ನಿಮ್ಮ ಮುಂದ ಐತ್ರಿ."

"ಇಲ್ಲ ಕಣೋ… ಸುತ್ತ ಬಂದೆ. ಕಲ್ಲೇ ಐತೆ. ಕಿಟಕೀನೂ ಇಲ್ಲ. ಟಾರ್ಚ್ ಹಾಕಿದ್ರೆ ಎಲ್ಲ ಕಡೆ ಬರೀ ಕಲ್ಲು."

ಆಮೇಲೆ ಬಡಿತ ಶುರುವಾಯಿತು. ಅಂಗೈಯಲ್ಲಿ ಬಡಿಯುವ ಸದ್ದು. ಮರದ ಬಾಗಿಲ ಸದ್ದಲ್ಲ ಅದು, ಬಂಡೆಯ ಮೇಲೆ ಬಡಿದ ಹಾಗೆ ಮಂಕಾಗಿ ಕೇಳುತ್ತಿತ್ತು. ಡಬ್… ಡಬ್… "ಬಸಪ್ಪ, ತೆಗಿಯೋ… ಉಸ್ರು ಕಟ್ತೈತೆ."

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅಪ್ಪ ಅದನ್ನೂ ಕಲಿಸಿದ್ದ. ಓದದೆ ಅಳಿಸಿದ್ದರೆ, ಅಳಿಸಿದ ಜಾಗದ ಕೆಳಗೆ ನಿಂತು ಆ ಹೆಸರನ್ನು ಮೂರು ಸಲ ಕೂಗಬೇಕು. ಒಮ್ಮೆ ಉಳಿ ಮುಟ್ಟಿದ ಅಕ್ಷರ ನನಗೆ ಮರೆಯುವುದಿಲ್ಲ. ಮೂರೂ ಹೆಸರು ನಾಲಿಗೆಯ ತುದಿಯಲ್ಲೇ ಇದ್ದವು.

ನಾನು ಹೇಳಲಿಲ್ಲ. ಕೂತೇ ಇದ್ದೆ.

ಇನ್ನೊಂದು ಸ್ವಲ್ಪ ಬಡಿಯಲಿ ಎನ್ನಿಸಿತು. ಆ ಬಡಿತ ಕೇಳುತ್ತಾ ನನಗೆ ಸಂತೋಷವಾಗುತ್ತಿತ್ತು. ಬಿಸಿಲಲ್ಲಿ ನಡೆದು ಬಂದವನು ತಣ್ಣೀರು ಕುಡಿದಾಗ ಆಗುವಂಥ ಸಂತೋಷ. ಜೆಸಿಬಿ ಕಳಿಸುತ್ತಾನಂತೆ. ಕಳಿಸಲಿ. ನೆಲ ನಿನ್ನದು, ಕಲ್ಲು ಯಾರದು ನೋಡಿಕೋ. ಇದು ನನ್ನ ಯೋಚನೆಯೋ ಅಲ್ಲವೋ, ಆಗ ನಾನು ಕೇಳಿಕೊಳ್ಳಲಿಲ್ಲ.

ತಲೆಯ ಮೇಲೆ ಟಕ್… ಟಕ್… ಎಂಬ ಸದ್ದು ಕೇಳಿಸತೊಡಗಿತು. ಎರಡು ಏಟು, ಒಂದು ಬಿಡುವು, ಮತ್ತೆ ಎರಡು ಏಟು. ಹೆಗಲ ಮೇಲೆ ಕಲ್ಲಿನ ಪುಡಿ ಉದುರುತ್ತಿತ್ತು. ಕತ್ತೆತ್ತಿ ನೋಡಬೇಕು ಎನ್ನಿಸಲಿಲ್ಲ. ಮೆಟ್ಟಿಲ ಮೇಲೆ ನನ್ನ ಎಡಗಡೆ ಕಲ್ಲು ಬೆಚ್ಚಗಾಗಿತ್ತು, ಯಾರೋ ಕೂತು ಎದ್ದುಹೋದ ಜಾಗದ ಹಾಗೆ. ಆಚೆ ಎಗ್ ರೈಸ್ ಗಾಡಿಯವನು ಯಾರಿಗೋ "ಖಾರ ಜಾಸ್ತೀನಾ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಬಡಿತ ಕಡಿಮೆಯಾಗುತ್ತಾ ಬಂತು. "ಬಸಪ್ಪ" ಎನ್ನುವುದು ನಿಂತು ಬರೀ ಏದುಸಿರು ಉಳಿಯಿತು.

ಜೇಬಿನಲ್ಲಿ ಫೋನು ಅಲುಗಾಡಿತು. ಹೆಂಡತಿ. ಎತ್ತಿದೆ.

"ಎಲ್ಲಿ ಅದೀರಿ? ನಾಕ್ ಸಲ ಮಾಡೇನಿ, ಎತ್ತಂಗಿಲ್ಲ. ಒಂಬತ್ತಾಗಾಕ ಬಂತು."

ನಾನು ಕೂತು ಐದು ನಿಮಿಷ ಆಗಿರಬಹುದು ಅಂದುಕೊಂಡಿದ್ದೆ. ಫೋನು ನೋಡಿದೆ, ಎಂಟು ಐವತ್ತು. ಆಗ, ಆಗ ಮಾತ್ರ ನನಗೆ ಹೆದರಿಕೆ ಬಂತು. ಕಲ್ಲಿಗಲ್ಲ, ಒಂದೂವರೆ ಗಂಟೆ ಅಲ್ಲಿ ಕೂತಿದ್ದ ನನಗೇ ಹೆದರಿದೆ.

ಎದ್ದು ಬಾಗಿಲ ಮುಂದೆ ನಿಂತು ಕೂಗಿದೆ. "ಮೋಸೆಸ್. ಹೆನ್ರಿ ಕೋಲ್ಬಿ. ಎಜ್ರಾ ಕೋಲ್ಬಿ." ಮೂರು ಸಲ. "ತಪ್ಪಾತು. ಓದ್ದ ತಗದೆ. ಅಂಜಿ ತಗದೆ."

ಮೇಲಿನ ಸದ್ದು ನಿಂತಿತು. ಬಾಗಿಲಿಗೆ ಕೈ ಹಚ್ಚಿದೆ. ಅದು ಬಿಗಿಯಾಗಿ ಮುಚ್ಚಿಯೇ ಇರಲಿಲ್ಲ, ಒಂದು ಬೆರಳಿಗೆ ತೆರೆದುಕೊಂಡಿತು.

ಮುನಿರಾಜಣ್ಣ ಹೊಸ್ತಿಲ ಒಳಗೇ ಕುಸಿದು ಕೂತಿದ್ದರು. ಎರಡೂ ಅಂಗೈಯ ಚರ್ಮ ಕಿತ್ತು ಬಂದಿತ್ತು. ತುಟಿ ಒಡೆದಿದ್ದವು. ನನ್ನನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು.

"ಎಷ್ಟ್ ದಿನ ಆಯ್ತು?"

ನೀರು ಕುಡಿಸಿದೆ. ಅವರು ಮೆಟ್ಟಿಲ ಕಡೆ ಬೆರಳು ತೋರಿಸಿದರು. "ಕಲ್ಲಲ್ಲಿ ಒಂದು ಸಂದಿತ್ತು ಕಣೋ, ಈಟೇ ಈಟು. ಅದ್ರಲ್ಲಿ ನೀನು ಕಾಣ್ತಿದ್ದೆ. ಕೂತೇ ಇದ್ದೆ ನೀನು. ಕರೆದ್ರೂ ತಿರುಗ್ನಿಲ್ಲ…" ಉಸಿರು ಎಳೆದುಕೊಂಡರು. "ನಿನ್ ಪಕ್ಕದಲ್ಲಿ ಕೂತಿದ್ದೋನು ಮಾತ್ರ ನನ್ನೇ ನೋಡ್ತಿದ್ದ."

ಅವರ ಫೋನಿನ ಟಾರ್ಚ್ ಇನ್ನೂ ಉರಿಯುತ್ತಿತ್ತು. ಅದನ್ನು ಇಸಿದುಕೊಂಡು ಅಡ್ಡಗಲ್ಲಿನ ಮೇಲೆ ಬೆಳಕು ಬಿಟ್ಟೆ. ನನ್ನ ಸೀಮೆಸುಣ್ಣದ ಗುರುತು ಇರಲಿಲ್ಲ. ಮೂರು ಹೆಸರು ಇದ್ದವು. ಹೊಸದಾಗಿ ಕಡಿದವು, ಮೊದಲಿಗಿಂತಲೂ ಆಳವಾಗಿ. ಆ ಕಲ್ಲಿನಲ್ಲಿ ಅಷ್ಟು ಅಕ್ಷರ ಕಡಿಯಲು ನನಗೆ ಎರಡು ದಿನ ಬೇಕು. ಏಟುಗಳೆಲ್ಲ ಎಡಕ್ಕೆ ಓರೆ.

ನಾನು ಬಲಗೈಯವನು. ಮನೆಗೆ ಹೋಗಿ ಕೈ ತೊಳೆಯುವಾಗ ಉರಿಯಿತು. ನೋಡಿದರೆ ಎಡ ಅಂಗೈಯಲ್ಲಿ ಸುತ್ತಿಗೆ ಹಿಡಿದವರಿಗೆ ಏಳುವ ಬೊಬ್ಬೆಗಳು, ನಾಲ್ಕು.

ಉದ್ಘಾಟನೆ ನಡೆಯಲಿಲ್ಲ. ಮುನಿರಾಜಣ್ಣ ಈಗ ಬಾಗಿಲು ಹಾಕಿದ ಯಾವ ಕೋಣೆಯಲ್ಲೂ ಕೂರುವುದಿಲ್ಲ, ರಾತ್ರಿ ಪಿಜಿಯ ತಾರಸಿಯ ಮೇಲೆ ಮಲಗುತ್ತಾರಂತೆ. ನನ್ನ ಶೆಡ್ಡಿನ ಸುದ್ದಿಗೆ ಬಂದಿಲ್ಲ. ದಾರಿಯಲ್ಲಿ ಎದುರಾದರೆ ಮೊದಲು ನನ್ನ ಎಡಗಡೆ ನೋಡುತ್ತಾರೆ, ಆಮೇಲೆ ನನ್ನ ಮುಖ.

ವಾರದ ನಂತರ ಹಲಗೆ, ಉಳಿ ತರಲು ಹೋದೆ. ಚಿಕ್ಕತಾಯಮ್ಮ ಮೆಟ್ಟಿಲು ಗುಡಿಸುತ್ತಿದ್ದಳು. ಅಡ್ಡಗಲ್ಲಿನ ಕಡೆ ಕಣ್ಣೆತ್ತಲಿಲ್ಲ.

"ಅವತ್ತು ಮುನಿರಾಜ ಬಡೀತಿದ್ದಾಗ ನೀನು ಎಸ್ಟೊತ್ತು ಕುಂತಿದ್ದೆ ಮಗ?" ಎಂದಳು.

"ಐದ್ ನಿಮಿಷ ಇರಬೇಕ್ರಿ."

ಅವಳು ಪೊರಕೆ ನಿಲ್ಲಿಸಿದಳು. "ನಾನೂ ಎಲ್ರಿಗೂ ಅಂಗೇ ಏಳ್ತಿದ್ದೆ," ಎಂದಳು.

ಈಗ ಕೆಲಸಕ್ಕೆ ಕೂತರೆ ಸುತ್ತಿಗೆ ತಾನಾಗಿ ಎಡಗೈಗೆ ಬರುತ್ತದೆ. ಅಕ್ಷರ ಚೆನ್ನಾಗಿಯೇ ಬೀಳುತ್ತಿವೆ, ಮೊದಲಿಗಿಂತ ಚೆನ್ನಾಗಿ. ಗಿರಾಕಿಗಳು ಹೊಗಳುತ್ತಾರೆ. ನನಗೆ ಅದರ ಚಿಂತೆಯಿಲ್ಲ. ಚಿಂತೆ ಇನ್ನೊಂದು. ಮೊನ್ನೆ ಕಿರಿಯ ಮಗಳು ಶಾಲೆಯಿಂದ ಬಂದು ಬಾಗಿಲು ಬಡಿದಳು. ನಾನು ಒಳಗೆ ಒಬ್ಬನೇ ಇದ್ದೆ. ಕೇಳಿಸಿತು. ಅಪ್ಪಾ ಎಂದು ಕರೆದದ್ದೂ ಕೇಳಿಸಿತು. ಎದ್ದು ತೆಗೆಯುವುದಕ್ಕೆ ಎಷ್ಟು ಹೊತ್ತಾಯಿತೋ… ತೆಗೆದಾಗ ಅವಳು ಅಳುತ್ತಿದ್ದಳು.

ಅವತ್ತಿನಿಂದ ನಮ್ಮ ಮನೆಯ ಬಾಗಿಲನ್ನು ನಾನು ಹಾಕಗೊಡುವುದಿಲ್ಲ.